‘ಇರ್ಲಿ’ ಅಂದರೆ

“ನೀವೇ ಕೇಳಿಬಿಡಿ. ನಿಮ್ಮ ದನಿ ಆದ್ರೆ ಅವರಿಗೆ ತಿಳಿಯತ್ತೆ,” ಎಂದು ಡಾಕ್ಟರು ಮಂಚದಿಂದ ಹಿಂದಕ್ಕೆ ಸರಿದು ನಿಂತರು.

ಮಗಳು ಅಪ್ಪನ ಕಿವಿಯ ಹತ್ತಿರ ಬಗ್ಗಿದಳು. ಅಮ್ಮ ಮಂಚದ ಕಾಲ ದೆಸೆಯಲ್ಲಿ ನಿಂತು ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು. ಅಮ್ಮನ ತಮ್ಮ, ಸಾಮಾನು ಸಾಗಿಸುವ ವ್ಯಾನು ಓಡಿಸುವವನು, ಕೀಲಿಯನ್ನು ಜೇಬಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡಿದ್ದ. ಯಾರಾದರೂ ಹೂಂ ಅಂದರೆ ಸಾಕು, ಭಾವನನ್ನು ಹಿಂದೆ ಮಲಗಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಟೇಬಿಡುವ ಹಾಗಿದ್ದ.

“ಅಪ್ಪಾ, ಬಲಗಾಲಿಗೆ ರಕ್ತ ಹೋಗ್ತಿಲ್ವಂತೆ. ದೊಡ್ಡಾಸ್ಪತ್ರೇಲಿ ಕಟ್ಕೊಂಡಿರೋ ರಕ್ತನಾಳ ಬಿಡಿಸೋಕೆ ನೋಡ್ತಾರಂತೆ, ಆದ್ರೆ ಕಾಲು ಉಳಿಯತ್ತೆ ಅಂತ ಹೇಳಕ್ಕಾಗಲ್ವಂತೆ. ವಿಷ ಮೇಲೇರಿದ್ರೆ ಜೀವಕ್ಕೇ ಅಪಾಯ ಅಂತಾರೆ. ಕಾಲು ತೆಗೀಬೇಕಾಗತ್ತಂತೆ ಅಪ್ಪ, ಮೊಣಕಾಲಿನ ಕೆಳಗೆ.”

ಅಪ್ಪ ಅವಳನ್ನು ನೋಡಿದ. ಬಾಯಿಯ ಒಂದು ಕಡೆ ಎಳೆದುಕೊಂಡಿತು.

“ಇರ್ಲಿ,” ಅಂದ.

“ತೆಗೀಬೇಕಾಗತ್ತೆ,” ಅವಳು ಮತ್ತೊಮ್ಮೆ ನಿಧಾನವಾಗಿ ಹೇಳಿದಳು.

“ಇರ್ಲಿ. ಇರ್ಲಿ.”

ಲಕ್ವ ಹೊಡೆದ ಮೇಲೂ ಅವನ ಸ್ವಾಧೀನದಲ್ಲಿದ್ದ ಎಡಗೈ ಬಲತೊಡೆಯ ಮೇಲಿನ ಹೊದಿಕೆಯನ್ನು ಮುದ್ದೆಗಟ್ಟಿ ಹಿಡಿದಿತ್ತು. ಮಗಳು ಅದನ್ನು ನೋಡಿದಳು. ನೋಡಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ಆಗದಷ್ಟು ಚೆನ್ನಾಗಿ ನೋಡಿದಳು.

“ಏನಂತೆ?” ಅಮ್ಮ ಕೇಳಿದಳು. “ಬೇಡ ಅಂತಿದಾರೇನೋ ಕಣೇ.”

“ಇಲ್ಲಮ್ಮ. ಆಗೋದಾದ್ರೆ ಆಗ್ಲಿ ಅಂತಿದಾರೆ.”

“ನಿಂಗೆ ಹೇಗೆ ಗೊತ್ತು?” ಎಂದ ಮಾವ.

“ನಂಗೊತ್ತು ಮಾವ. ಇಷ್ಟು ದಿನದಿಂದ ಪಕ್ಕದಲ್ಲಿ ಕೂತಿರೋಳು ನಾನು.” ಅವಳು ಡಾಕ್ಟರ ಕಡೆ ತಿರುಗಿದಳು. “ಒಪ್ಕೊಂಡಿದಾರೆ ಡಾಕ್ಟ್ರೇ.”

ಅವಳ ದನಿಯಲ್ಲಿ ಅಳು ಇರಲಿಲ್ಲ. ಒಂದು ಬಗೆಯ ಹೆಮ್ಮೆಯೇ ಇತ್ತು ಅಂದರೂ ತಪ್ಪಲ್ಲ. ಮಾವ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಅವಳನ್ನು ಮನೆಯಲ್ಲಿ ಎಲ್ಲರೂ ಪಂಡಿತೆ ಅಂತಲೇ ಕರೆಯುತ್ತಿದ್ದುದು. ಆ ಹೆಸರಿಟ್ಟವನು ಅಪ್ಪ. ಅವನು ಟೈಲರ್; ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಬಾಗಿಲು, ಬಾಗಿಲ ಬೆಳಕು ಬೀಳುವ ಕಡೆ ಕಾಲಿನಿಂದ ತುಳಿಯುವ ಹಳೆಯ ಮೆಷಿನ್ನು, ಗೋಡೆಗೆ ಒರಗಿದ ಕಟಿಂಗ್ ಮೇಜು. ಅವನ ಕತ್ತರಿ ಹರಿತವೋ ಬಾಯಿ ಹರಿತವೋ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಅಳತೆಗೆ ನಿಂತವರ ಹೊಟ್ಟೆಯ ಮೇಲೆ, ಅವರ ಸಂಸಾರದ ಮೇಲೆ, ಅವರು ತಂದ ಬಟ್ಟೆಯ ಬಣ್ಣದ ಮೇಲೆ ಅವನದೊಂದು ಮಾತು ಇದ್ದೇ ಇರುತ್ತಿತ್ತು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬೈಸಿಕೊಳ್ಳುವುದಕ್ಕೇ ಬರುತ್ತಾರೆ ಎಂದು ಅಮ್ಮ ಮೂಗು ಮುರಿಯುತ್ತಿದ್ದಳು.

ಮಗಳು ಯೂನಿವರ್ಸಿಟಿಗೆ ಸೇರಿ ಹಳೆಯ ತತ್ತ್ವಶಾಸ್ತ್ರ ಓದುತ್ತೇನೆ, ಅದಕ್ಕಾಗಿ ಈಗ ಯಾರೂ ಆಡದ ಒಂದು ಭಾಷೆ ಕಲಿಯುತ್ತೇನೆ ಅಂದಾಗ ನೆಂಟರಿಷ್ಟರೆಲ್ಲ ತಲೆ ಕೆರೆದುಕೊಂಡರು. ಅಪ್ಪ ಮಾತ್ರ ಮೆಷಿನ್ ನಿಲ್ಲಿಸಿ ಕೇಳಿದ.

“ಅದ್ರಲ್ಲಿ ಏನಿದೆಯಮ್ಮ?”

“ಹೇಗೆ ಬದುಕಬೇಕು ಅಂತ ಇದೆ ಅಪ್ಪ.”

“ಪರವಾಗಿಲ್ವೇ. ಓದಿ ಮುಗಿಸಿದ ಮೇಲೆ ನಂಗೂ ಒಂದು ಮಾತು ಹೇಳು. ಇಷ್ಟು ವರ್ಷ ಅಂದಾಜಿನ ಮೇಲೇ ನಡೆಸ್ಬಿಟ್ಟಿದೀನಿ.”

ರಜೆಗೆ ಬಂದಾಗ ಅವಳು ಹಳೆಯ ಪ್ರತಿಯ ಒಂದು ಪುಟದ ಚಿತ್ರ ತೋರಿಸಿದ್ದಳು. ಪದಕ್ಕೂ ಪದಕ್ಕೂ ನಡುವೆ ಜಾಗವೇ ಇಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಲ್ಲಿ ಬಿಡಿಸಬೇಕು ಅನ್ನುವುದೇ ವಿದ್ಯೆ, ತಪ್ಪು ಕಡೆ ಬಿಡಿಸಿದರೆ ಅರ್ಥವೇ ತಿರುವುಮುರುವು ಎಂದು ವಿವರಿಸಿದಳು. ಅಪ್ಪ ಕನ್ನಡಕ ಏರಿಸಿ ನೋಡಿ, “ಅಂದ್ರೆ ನಾನು ಹೊಲಿಯೋದು, ನೀನು ಹೊಲಿಗೆ ಬಿಚ್ಚೋದು. ಒಳ್ಳೆ ಮನೆತನ,” ಅಂದ. ಆ ದಿನ ಅವಳಿಗೆ ಪಂಡಿತೆ ಎಂಬ ಹೆಸರು ಬಿತ್ತು.

ಅವಳು ಹಳಬರನ್ನು ಓದಿದ್ದು ಬಾಯಾರಿದವರು ನೀರು ಕುಡಿಯುವ ಹಾಗೆ. ಹಾಸ್ಟೆಲಿನ ಗೆಳತಿಯರು ಪರೀಕ್ಷೆಗೆ ಓದುತ್ತಿದ್ದರು. ಇವಳು ನಂಬಿ ಓದುತ್ತಿದ್ದಳು. ಸಾವಿರಾರು ವರ್ಷಗಳ ಹಿಂದೆ ಸತ್ತವನೊಬ್ಬ ತನ್ನ ಮನಸ್ಸನ್ನು ಹೊಕ್ಕು ಬರೆದ ಹಾಗಿದೆ ಅನ್ನಿಸಿ ಎಷ್ಟೋ ಸಲ ಮೈ ಜುಮ್ಮೆಂದದ್ದಿದೆ. ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ಒಂದು ಚಿಕ್ಕ ಗ್ರಂಥ. ಅದರಲ್ಲಿ ಒಬ್ಬ ಮುದುಕ. ಯುದ್ಧದಲ್ಲಿ ಅವನ ಊರು ಹೋಗುತ್ತದೆ, ಮನೆ ಹೋಗುತ್ತದೆ, ಕೊನೆಗೆ ಕಣ್ಣೂ ಹೋಗುತ್ತದೆ. ಶಿಷ್ಯರು ಬಂದು ಒಂದೊಂದರ ಮಾತೆತ್ತಿದಾಗಲೂ ಅವನ ಉತ್ತರ ಒಂದೇ ಪದ. ಆ ಪದದ ಮೇಲೆ ರಾಶಿ ರಾಶಿ ಭಾಷ್ಯಗಳಿದ್ದವು. ಒಪ್ಪಿಗೆ ಎಂದರು ಕೆಲವರು, ಆನಂದ ಎಂದರು ಕೆಲವರು. ಒಬ್ಬನೇ ಒಬ್ಬ ಭಾಷ್ಯಕಾರ ಮಾತ್ರ, ಇದು ಪದವೇ ಅಲ್ಲ, ನೊಂದ ಮುದುಕನ ನರಳಿಕೆ, ಬರೆದುಕೊಂಡವನು ಪದವೆಂದು ತಿಳಿದ ಅಂದಿದ್ದ. ಅವನು ಮಂದಬುದ್ಧಿಯವನು ಎಂದು ಪಂಡಿತೆ ಅಡಿಟಿಪ್ಪಣಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದಳು.

ಅಷ್ಟರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಕೋಟಿನ ತೋಳು ಕೂರಿಸುತ್ತಿದ್ದವನು ಹಾಗೇ ಮೆಷಿನ್ನಿನ ಮೇಲೆ ಒರಗಿದನಂತೆ. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಅಷ್ಟು ದೊಡ್ಡ ಮಾತಿನ ಮೂಟೆಯಲ್ಲಿ ಅದು ಹೇಗೋ ಒಂದೇ ಒಂದು ಉಳಿದುಕೊಂಡಿತು: ಇರ್ಲಿ. ನೀರು ಬೇಕಾ ಅಂದರೆ ಇರ್ಲಿ. ನೋಯ್ತಾ ಇದೆಯಾ ಅಂದರೆ ಇರ್ಲಿ. ಮಾತು ಕಲಿಸಲು ಬರುತ್ತಿದ್ದ ಹೆಂಗಸು ಮೊದಲ ವಾರವೇ ಹೇಳಿದ್ದಳು: “ಆ ಶಬ್ದ ಸಿಕ್ಕಾಕ್ಕೊಂಡಿದೆ ಅಷ್ಟೇ. ಹೌದಿಗೂ ಅದೇ, ಇಲ್ಲಕ್ಕೂ ಅದೇ. ಬಾಯಿ ಕೇಳ್ಬೇಡಿ. ಕೈ ನೋಡಿ, ಕಣ್ಣು ನೋಡಿ.”

ಅಮ್ಮ ಅದನ್ನು ಕೇಳಿಸಿಕೊಂಡಳು. ಪಂಡಿತೆ ಕೇಳಿಸಿಕೊಂಡೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಪುಸ್ತಕ ಹಿಡಿದು ಅಪ್ಪನ ಮಂಚದ ಪಕ್ಕ ಕೂತು ಓದುತ್ತಿದ್ದಳು. ಗ್ರಂಥದ ಮುದುಕನ ಊರು ಹೋಯಿತು ಅನ್ನುವ ಸಾಲಿಗೆ ಬಂದಾಗ ಮಂಚದಿಂದ “ಇರ್ಲಿ” ಎಂದು ಕೇಳಿಸಿತು. ಅವಳು ಪುಸ್ತಕದಿಂದ ತಲೆಯೆತ್ತಿದಳು. ಭಾಷ್ಯಕಾರರೆಲ್ಲ ತಡಕಾಡಿ ಸೋತ ಆ ಪದಕ್ಕೆ ಇದಕ್ಕಿಂತ ಸರಿಯಾದ ಕನ್ನಡ ಇನ್ನೇನಿದೆ? ಬಂದದ್ದನ್ನು ಬರಮಾಡಿಕೊಳ್ಳುವ, ಹೋದದ್ದನ್ನು ಬಿಟ್ಟುಕೊಡುವ ಮಾತು. ಎಲ್ಲ ಕಳೆದುಕೊಂಡವನ ಬಾಯಲ್ಲಿ ಉಳಿದ ಕೊನೆಯ ಮಾತು. ಅಪ್ಪ ಓದದೆಯೇ ಅಲ್ಲಿಗೆ ಮುಟ್ಟಿದ್ದಾನೆ ಅನ್ನಿಸಿ ಅವಳಿಗೆ ಅಳು ಉಕ್ಕಿ ಬಂತು, ಜೊತೆಗೆ ಸಮಾಧಾನವೂ ಬಂತು. ಸುಳ್ಳು ಹೇಳುವುದೇಕೆ, ಸಮಾಧಾನವೇ ಹೆಚ್ಚು ಬಂತು. ಅಪ್ಪ ಒಳಗೆ ನರಳುತ್ತಿಲ್ಲ ಎಂದು ನಂಬುವುದಕ್ಕೆ ಅವಳಿಗೆ ಏನಾದರೂ ಬೇಕಾಗಿತ್ತು.

ಅದನ್ನೇ ಅವಳು ವಿಭಾಗದ ಸೆಮಿನಾರಿನಲ್ಲಿ ಓದಿದಳು. ‘ಇರಲಿ: ಒಂದು ಪದ, ಇಬ್ಬರು ಮುದುಕರು’ ಎಂದು ಹೆಸರಿಟ್ಟಿದ್ದಳು. ಮುಂದಿನ ಸಾಲಿನಲ್ಲಿ ಕೂತಿದ್ದವರು ಕಣ್ಣೊರೆಸಿಕೊಂಡರು. ಪ್ರೊಫೆಸರು ವೇದಿಕೆಯಿಂದ ಇಳಿದು ಬಂದು, “ಇವತ್ತು ಪಠ್ಯಕ್ಕೆ ಜೀವ ಬಂತು,” ಎಂದು ಕೈ ಕುಲುಕಿದರು. ಆ ಚಪ್ಪಾಳೆ ಇನ್ನೂ ಕಿವಿಯಲ್ಲಿ ಇರುವಾಗಲೇ ಅಪ್ಪನ ಬಲಗಾಲಿನ ಬೆರಳು ಕಪ್ಪಾದದ್ದು.

ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದ ಮೇಲೆ ಅಪ್ಪನ ಎಡಗೈ ಹೊದಿಕೆಯ ಮೇಲೆ ಹರಿದಾಡಿ, ಮೊಣಕಾಲು ದಾಟಿ, ಅಲ್ಲಿ ಏನೂ ಸಿಗದೆ ಹಾಸಿಗೆಯನ್ನೇ ತಟ್ಟಿ ತಟ್ಟಿ ನೋಡಿತು. ಆಮೇಲೆ ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಮಗಳು ಬಂದರೂ ತಿರುಗಲಿಲ್ಲ. ಮನೆಗೆ ಕರೆತಂದ ಮೇಲೂ ಅಷ್ಟೇ. ಅಮ್ಮ ಚಮಚ ಹಿಡಿದರೆ ಬಾಯಿ ತೆರೆಯುತ್ತಿದ್ದ, ಮಗಳು ಹಿಡಿದರೆ ಇಲ್ಲ.

“ಯಾಕಮ್ಮ ಹೀಗೆ?”

“ನಂಗೇನು ಗೊತ್ತು. ಅವರ ಮಾತು ನಿಂಗಲ್ವಾ ತಿಳಿಯೋದು,” ಎಂದಳು ಅಮ್ಮ. ಅದರಲ್ಲಿ ಚುಚ್ಚುಮಾತು ಏನೂ ಇರಲಿಲ್ಲ. ಅಮ್ಮ ನಿಜವಾಗಿಯೂ ಹಾಗೇ ತಿಳಿದಿದ್ದಳು.

ಪಂಡಿತೆ ಅದಕ್ಕೂ ಒಂದು ಅರ್ಥ ಹಚ್ಚಿದಳು. ಗ್ರಂಥದ ಮುದುಕನೂ ಕೊನೆಗೆ ಶಿಷ್ಯರಿಂದ ಮುಖ ತಿರುಗಿಸುತ್ತಾನೆ. ಅದನ್ನು ವಿರಕ್ತಿ ಅನ್ನುತ್ತಾರೆ.

ಅಪ್ಪ ಬಿದ್ದಾಗಿನಿಂದ ಅಂಗಡಿಯ ಬಾಗಿಲು ಅರ್ಧ ಮುಚ್ಚಿಯೇ ಇತ್ತು. ಹೊಲಿಯಲು ಕೊಟ್ಟ ಬಟ್ಟೆಗಳನ್ನು ಕೆಲವರು ವಾಪಸ್ಸು ಒಯ್ದರು. ಒಂದು ಮಧ್ಯಾಹ್ನ ಹಿಂದಿನ ಬೀದಿಯ ನರ್ಸಮ್ಮ ತನ್ನ ಮಗಳ ಶಾಲೆಯ ಕೋಟು ಹಿಡಿದು ಬಂದಳು. ನೀಲಿ ಕೋಟು, ಒಗೆದು ಒಗೆದು ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಹುಡುಗಿ ಉದ್ದ ಆಗ್ಬಿಟ್ಟಿದಾಳೆ. ತೋಳು ಮೊಣಕೈಗೆ ಬರತ್ತೆ. ನಿಮ್ಮಮ್ಮ ಬಿಚ್ಚಿ ಉದ್ದ ಮಾಡ್ಕೊಡ್ತಾರಾ ಅಂತ ತಂದೆ.”

“ಅಮ್ಮ ಮಲಗಿದಾಳೆ. ಆದ್ರೆ ಇದು ಹಳೇದಾಯ್ತಲ್ಲ, ಹೊಸದೇ ತಗೋಬಹುದಲ್ಲ?” ಎಂದಳು ಮಗಳು.

“ಹೊಸದ್ಯಾಕೆ? ಒಳಗೆ ಬೇಕಾದಷ್ಟು ಇರ್ಲಿ ಇದೆ. ನಿಮ್ಮಪ್ಪ ಇಡದೆ ಇರ್ತಾರಾ.” ನರ್ಸಮ್ಮ ಕೋಟನ್ನು ಮೇಜಿನ ಮೇಲಿಟ್ಟು ಹೋದಳು.

ಮಗಳು ಕೋಟನ್ನು ತಿರುವಿ ತೋಳಿನ ಒಳಮಡಿಕೆಯನ್ನು ಮುಟ್ಟಿ ನೋಡಿದಳು. ಆಮೇಲೆ ಬ್ಲೇಡು ತಗೊಂಡು ಕೂತಳು. ತೋಳಿನ ಅಂಚಿನ ದಾರವನ್ನು ಅಲ್ಲಲ್ಲಿ ಕಡಿದು ಎಳೆದಳು. ಮಡಿಕೆ ಬಿಚ್ಚಿಕೊಂಡಿತು. ಒಳಗೆ ಅಂಗೈ ಅಗಲದ ಬಟ್ಟೆ, ಬಿಸಿಲು ಕಾಣದ, ಸೋಪು ಮುಟ್ಟದ, ಅಂಗಡಿಯಿಂದ ಈಗ ತಂದಷ್ಟು ಕಡುನೀಲಿ.

ಇರ್ಲಿ. ಈ ಮನೆಯಲ್ಲಿ, ಈ ಬೀದಿಯಲ್ಲಿ ಅದು ಒಂದು ವಸ್ತುವಿನ ಹೆಸರು. ಬೆಳೆಯುವ ಮಕ್ಕಳ ಬಟ್ಟೆಯ ಒಳಗೆ ಅಪ್ಪ ಮಡಚಿಡುತ್ತಿದ್ದ ಹೆಚ್ಚುವರಿ ಬಟ್ಟೆಗೆ ಇರ್ಲಿ ಅನ್ನುತ್ತಿದ್ದರು. ಅಮ್ಮ ಕತ್ತರಿ ಹಿಡಿದು ಅಂಚಿನ ಬಟ್ಟೆಯನ್ನು ಸವರಲು ಹೊರಟರೆ ಮೆಷಿನ್ನಿನ ಮೇಲಿಂದ ಅಪ್ಪ ಕೂಗುತ್ತಿದ್ದ: ಇರ್ಲಿ, ಇರ್ಲಿ. ಕತ್ತರಿಸಬೇಡ, ಉಳಿಸು, ಮುಂದೆ ಬೇಕಾಗುತ್ತದೆ. ಮಗಳು ಹುಟ್ಟಿದಾಗಿನಿಂದ ಆ ಕೂಗು ಕೇಳಿದ್ದಳು. ಅವಳ ಪ್ರತಿ ಫ್ರಾಕಿನ ಒಳಗೂ ಇರ್ಲಿ ಇತ್ತು. ಪ್ರತಿ ವರ್ಷ ಅದನ್ನು ಬಿಚ್ಚುವಾಗ ತಾನು ಎಷ್ಟು ಬೆಳೆದೆ ಎಂದು ಅಪ್ಪನ ಮುಂದೆ ಹಿಗ್ಗಿ ನಿಂತಿದ್ದಳು. ಅಂಥವಳು ಆ ಮಾತಿನ ಅರ್ಥವನ್ನು ಸಾವಿರಾರು ವರ್ಷ ಹಿಂದಕ್ಕೆ ಹುಡುಕಿಕೊಂಡು ಹೋಗಿದ್ದಳು.

ತೆಗೀಬೇಕಾಗತ್ತೆ ಅಪ್ಪ. ಇರ್ಲಿ, ಇರ್ಲಿ.

ಅವಳು ಕೋಟಿನ ತೋಳನ್ನು ಬಾಯಿಗೆ ಒತ್ತಿಕೊಂಡಳು. ಒಳಗಿನ ಕೋಣೆಯಲ್ಲಿ ಮಲಗಿದವನಿಗೆ ಕೇಳಿಸಬಾರದು ಅನ್ನುವುದೊಂದೇ ಆಗ ಅವಳಿಗೆ ಇದ್ದ ಯೋಚನೆ.

ಅವಳಿಗೆ ಖಚಿತವಾಗಿ ತಿಳಿದಿದ್ದರೆ ಒಂದು ರೀತಿಯಲ್ಲಿ ಒಳ್ಳೆಯದಿತ್ತು. ಅಪ್ಪ ಕಾಲು ಉಳಿಸು ಅಂದ, ನಾನು ಕಡಿಸಿದೆ ಎಂದು ತಲೆ ಚಚ್ಚಿಕೊಂಡು ಅಳಬಹುದಿತ್ತು. ಆದರೆ ಮಾತು ಕಲಿಸುವ ಹೆಂಗಸು ಹೇಳಿದ್ದೂ ನಿಜವೇ. ಅದು ಸಿಕ್ಕಿಕೊಂಡ ಶಬ್ದ. ಅದರೊಳಗೆ ಏನೂ ಇಲ್ಲದೆಯೂ ಇರಬಹುದು. ಉಳಿದದ್ದು ಕೈಯೊಂದೇ, ಹೊದಿಕೆಯನ್ನು ಹಿಡಿದ ಕೈ. ಅದನ್ನು ನೋಡಿದ ಆ ಗಳಿಗೆಯಲ್ಲಿ ಅವಳ ತಲೆಗೆ ಬಂದದ್ದೂ ಗ್ರಂಥದ ಮಾತೇ: ಮೈ ಹೆದರುತ್ತದೆ, ಹೆದರಲಿ, ಜ್ಞಾನಿಯ ಮನಸ್ಸು ಹೆದರುವುದಿಲ್ಲ ಎಂದು. ಅಂಟಿಕೊಂಡ ಅಕ್ಷರಗಳನ್ನು ಬಿಡಿಸುವ ಹಾಗೆ ಮೈಯನ್ನೂ ಮನಸ್ಸನ್ನೂ ಅವಳು ಅಲ್ಲಿ ಬಿಡಿಸಿದ್ದಳು.

ಪ್ರೊಫೆಸರಿಗೆ ಫೋನು ಮಾಡಿದಳು. ಎಲ್ಲವನ್ನೂ ಹೇಳಿದಳು. ಅವರು ಒಳ್ಳೆಯವರು, ಸಹನೆಯಿಂದ ಕೇಳಿಸಿಕೊಂಡರು.

“ನೋಡಮ್ಮ, ಎರಡು ಅರ್ಥಕ್ಕೂ ಅವಕಾಶ ಇದೆ. ಅದು ಅಸ್ಪಷ್ಟತೆ ಅಲ್ಲ, ಸಂಪತ್ತು. ಈ ಟೈಲರ್ ಅರ್ಥವನ್ನೂ ಪ್ರಬಂಧಕ್ಕೆ ಸೇರಿಸು. ತುಂಬ ಶ್ರೀಮಂತವಾಗತ್ತೆ.”

“ಸರ್, ಅದು ನಮ್ಮಪ್ಪನ ಕಾಲು.”

“ವಿಶ್ರಾಂತಿ ತಗೋ,” ಅಂದರು ಅವರು. ಅವಳು ಬಯ್ಯಲೂ ಇಲ್ಲ. ಒಂದು ತಿಂಗಳ ಹಿಂದೆ ಬೇರೆ ಯಾರದೋ ಅಪ್ಪನಾಗಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಪುಸ್ತಕ ತೆರೆದರೆ ಓದಲಾಗುತ್ತಿರಲಿಲ್ಲ. ಅಂಟಿಕೊಂಡ ಅಕ್ಷರಗಳು ಅಂಟಿಕೊಂಡೇ ಇದ್ದವು. ಸತ್ತವರು ತನ್ನೊಡನೆ ಮಾತಾಡುತ್ತಿದ್ದಾರೆ ಎಂದು ನಂಬಿದ್ದಳಲ್ಲ, ಅವರು ಆಡಿದ್ದಾದರೂ ಏನು? ಏನು ಕೇಳಿದರೂ ಅವರು ಹೇಳುವುದು ಅದದೇ ಮಾತು. ದುಃಖದಲ್ಲಿ ಕೇಳಿದರೂ ಅದೇ, ಸುಖದಲ್ಲಿ ಕೇಳಿದರೂ ಅದೇ. ಬೇಕಾದದ್ದನ್ನು ಕೇಳಿಸಿಕೊಳ್ಳುವವರು ನಾವು. ನರಳಿಕೆ ಎಂದ ಆ ಭಾಷ್ಯಕಾರ ಅವಳಿಗೆ ಈಗ ಪದೇ ಪದೇ ನೆನಪಾಗುತ್ತಿದ್ದ. ಒಬ್ಬ ಮುದುಕ ಕಣ್ಣು ಹೋಗಿ ಒದ್ದಾಡುತ್ತ ಕೂಗಿದ್ದಾನೆ. ಸುತ್ತ ಕೂತ ಜಾಣ ಶಿಷ್ಯರು ಆಹಾ ಎಂದು ಬರೆದುಕೊಂಡಿದ್ದಾರೆ. ಜನ ಅದನ್ನು ಓದಿ ಓದಿ ಸಮಾಧಾನ ಪಟ್ಟುಕೊಂಡಿದ್ದಾರೆ. ಯಾರಾದರೂ ಒಬ್ಬ ಅವನ ಕೈ ಹಿಡಿದುಕೊಂಡನೋ ಇಲ್ಲವೋ, ಗ್ರಂಥದಲ್ಲಿ ಆ ವಿಷಯ ಇರಲಿಲ್ಲ. ಹೇಗೆ ಬದುಕಬೇಕು ಅಂತ ಇದೆ ಅಪ್ಪ ಅಂದಿದ್ದಳು. ಆ ಮಾತು ನೆನಪಾದರೆ ಅವಳು ಪುಸ್ತಕ ಮುಚ್ಚಿ ದೂರ ಸರಿಸುತ್ತಿದ್ದಳು.

ಮಾವ ಬಂದು ಹೋಗುತ್ತಿದ್ದ. “ದೊಡ್ಡಾಸ್ಪತ್ರೆಗೆ ಹೋಗಿದ್ರೂ ಇದೇ ಆಗ್ತಿತ್ತೋ ಏನೋ. ಯಾಕೆ ಸೊರಗ್ತೀಯ?” ಅಂದ. ಇದೇ ಆಗುತ್ತಿತ್ತೋ ಏನೋ. ಆ ‘ಏನೋ’ದಲ್ಲಿ ಅವಳು ಹಗಲೆಲ್ಲ ಸುತ್ತುತ್ತಿದ್ದಳು. ಅಪ್ಪನನ್ನೇ ಕೇಳಿಬಿಡಲೇ ಎಂದು ಎಷ್ಟೋ ಸಲ ಅವನ ಬಾಗಿಲವರೆಗೆ ಹೋದಳು. ತಪ್ಪಾಯಿತು ಎಂದು ಕಾಲು ಹಿಡಿದರೂ, ಉಳಿದ ಆ ಒಂದು ಕಾಲು ಹಿಡಿದರೂ, ಅವನ ಬಾಯಲ್ಲಿ ಏನು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಕ್ಷಮೆ ಎಂದು ಕೇಳಿಸಿಕೊಳ್ಳಲು ತನ್ನ ಕಿವಿ ತುದಿಗಾಲಲ್ಲಿ ನಿಂತಿದೆ ಅನ್ನುವುದೂ ಗೊತ್ತಿತ್ತು. ಹಾಗಾಗಿ ಹಿಂದಿರುಗುತ್ತಿದ್ದಳು.

ಯಾರೋ ಬಳಸಿ ಬಿಟ್ಟ ಗಾಲಿಕುರ್ಚಿಯನ್ನು ಮಾವ ಎಲ್ಲಿಂದಲೋ ಹೊಂದಿಸಿ ತಂದ. ಮರುದಿನ ಬೆಳಿಗ್ಗೆ ಅಪ್ಪನನ್ನು ಅದರಲ್ಲಿ ಕೂರಿಸಿ ಮುಂದಿನ ಕೋಣೆಗೆ ತಂದರು. ಲಕ್ವ ಹೊಡೆದ ಮೇಲೆ ಅವನು ಅಂಗಡಿಗೆ ಬಂದದ್ದು ಅದೇ ಮೊದಲು. ಅಮ್ಮ ಬಾಗಿಲು ಪೂರ್ತಿ ತೆರೆದಳು. ಬೆಳಕು ಮೆಷಿನ್ನಿನ ಮೇಲೆ, ಅದರ ಕೆಳಗಿನ ಕಬ್ಬಿಣದ ತುಳಿಪಟ್ಟಿಯ ಮೇಲೆ ಬಿತ್ತು. ಅಪ್ಪ ಅತ್ತ ನೋಡಿದ, ಆಮೇಲೆ ಬೀದಿಯ ಕಡೆ ನೋಡಿದ. ಅವನ ಪ್ಯಾಂಟಿನ ಬಲಗಾಲು ಖಾಲಿಯಾಗಿ ಜೋತು ಗಾಲಿಗೆ ಸಿಕ್ಕಿಕೊಳ್ಳುತ್ತಿತ್ತು.

“ಹೀಗಾದ್ರೆ ಎಲ್ಲಾದ್ರೂ ಸಿಕ್ಕಾಕ್ಕೊಂಡು ಎಳ್ದುಬಿಡತ್ತೆ,” ಎನ್ನುತ್ತ ಅಮ್ಮ ಮೇಜಿನಿಂದ ದೊಡ್ಡ ಕತ್ತರಿ ತಂದು ನೆಲದ ಮೇಲೆ ಕೂತಳು. ಮೊಣಕಾಲಿನ ಸ್ವಲ್ಪ ಕೆಳಗೆ ಸೀಮೆಸುಣ್ಣದಿಂದ ಗೆರೆ ಎಳೆದಳು. ಬಟ್ಟೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಕತ್ತರಿಯ ಬಾಯಿ ತೆರೆದಳು.

“ಇರ್ಲಿ,” ಎಂದ ಅಪ್ಪ.

ಅಮ್ಮನ ಕೈ ನಿಂತಿತು. ಅವಳು ಗಂಡನ ಮುಖ ನೋಡಿದಳು. ಅದರಿಂದ ಏನೂ ತಿಳಿಯದೆ, ಬಾಗಿಲ ಹತ್ತಿರ ನಿಂತಿದ್ದ ಮಗಳ ಕಡೆ ತಿರುಗಿದಳು.

“ಏನಂತಾರೆ? ಕತ್ತರಿಸು ಅಂತಾರೋ, ಬೇಡ ಅಂತಾರೋ?”

ಅಪ್ಪ ಕೂಡ ಮಗಳನ್ನೇ ನೋಡುತ್ತಿದ್ದ. ಆಪರೇಷನ್ ಆದ ಮೇಲೆ ಅವನು ಅವಳನ್ನು ನೇರವಾಗಿ ನೋಡಿರಲಿಲ್ಲ. ಕಣ್ಣು ನೋಡಿ ಎಂದಿದ್ದಳು ಮಾತು ಕಲಿಸುವ ಹೆಂಗಸು. ಮಗಳು ನೋಡಿದಳು. ತೊಯ್ದ, ಕೆಂಪಾದ, ವಯಸ್ಸಾದ ಎರಡು ಕಣ್ಣು. ಅವಳು ಎಷ್ಟು ನೋಡಿದರೂ ಅವು ಕಣ್ಣುಗಳೇ ಆಗಿದ್ದವು. ಕೈಯಾದರೂ ಏನಾದರೂ ಹೇಳೀತು ಎಂದು ಎಡಗೈ ನೋಡಿದಳು. ಅದು ಕುರ್ಚಿಯ ಹಿಡಿಯ ಮೇಲೆ ಸುಮ್ಮನೆ ಬಿದ್ದಿತ್ತು.

“ಹೇಳೇ,” ಅಂದಳು ಅಮ್ಮ. “ನಿಂಗೆ ಗೊತ್ತಾಗತ್ತಲ್ಲ.”

ಮಗಳು ಬಾಯಿ ತೆರೆದಳು. ಬೀದಿಯಲ್ಲಿ ಯಾರೋ ಯಾರನ್ನೋ ಕರೆಯುತ್ತ ಹೋದರು. ಅಮ್ಮ ಕಾಯುತ್ತಿದ್ದಳು, ಬಟ್ಟೆ ಕತ್ತರಿಯ ಎರಡು ಅಲಗುಗಳ ನಡುವೆ ಇತ್ತು.